ಅಧ್ಯಕ್ಷರು ಉಗ್ರಾಣದಲ್ಲಿದ್ದಾರಾ?

ಉಡುಪಿ ಕೃಷ್ಣಮಠದ ಪೂಜೆಯ ಹೊಣೆ ಎಂಟು ಮಠಗಳ ನಡುವೆ ಸರದಿಯಲ್ಲಿ ಕೈಬದಲಾಗುವ ಪರ್ಯಾಯದಲ್ಲಿ ಒಬ್ಬ ಯತಿಗಳಿಂದ ಇನ್ನೊಬ್ಬರ ಕೈಗೆ ಹೋಗುವುದು ಏನೇನು ಅಂತ ನೋಡಿದ್ದೀರಾ? ಅಕ್ಷಯ ಪಾತ್ರೆ, ಸಟ್ಟುಗ (ಸೌಟು), ಕೀಲಿಕೈ. ಮೂರರಲ್ಲಿ ಎರಡು ಅಡುಗೆಮನೆಯವು. ಅದಕ್ಕೆ ಮೊದಲಿನ ಮುಹೂರ್ತಗಳೂ ಹಾಗೆಯೇ: ಬಾಳೆ, ಅಕ್ಕಿ, ಕಟ್ಟಿಗೆ, ಭತ್ತ. ಪೀಠ ಏರುವ ಮೊದಲು ಊಟದ ಎಲೆ, ಒಲೆಯ ಸೌದೆ ಹೊಂದಿಸಬೇಕು. ಎರಡು ವರ್ಷ ಮುಗಿಯಿತೋ, ಜನವರಿ 18ಕ್ಕೆ ಸಟ್ಟುಗ ಮುಂದಿನ ಮಠಕ್ಕೆ. ಮತ್ತೆ ಸರದಿ ಬರಲು 14 ವರ್ಷ ಕಾಯಬೇಕು. (ಪರ್ಯಾಯಕ್ಕೂ ಈಗ ಫ್ಲೆಕ್ಸ್ ಕಡಿಮೆಯೇನಿಲ್ಲ, ಅದು ಬೇರೆ ಮಾತು.)

ನಮ್ಮ ದೇವಸ್ಥಾನಗಳ ಬ್ರಹ್ಮಕಲಶ ಸಮಿತಿ, ಗಣೇಶೋತ್ಸವ ಸಮಿತಿ, ಯುವಕ ಮಂಡಲಗಳಲ್ಲಿ ಇದು ತಲೆಕೆಳಗು. ಮೊದಲು ಫ್ಲೆಕ್ಸಿನಲ್ಲಿ ಯಾರ ಫೋಟೋ ಎಷ್ಟು ದೊಡ್ಡದು ಅಂತ ಚರ್ಚೆ. ಉಗ್ರಾಣ ಯಾರು ನೋಡುವುದು ಅನ್ನುವುದು ಭಕ್ತರು ಕೊಡುವ ದಿನಸಿ, ತರಕಾರಿಯ ಹೊರೆಕಾಣಿಕೆ ಬಂದು ಇಳಿದ ಮೇಲೆ.

ಅನ್ನಸಂತರ್ಪಣೆಯನ್ನೇ ತೆಗೆದುಕೊಳ್ಳಿ. ಪಲ್ಯ, ಪಾಯಸ ಇರುವ ಊಟಕ್ಕೆ ಒಂದು ಕ್ವಿಂಟಾಲ್ ಬೆಳ್ತಿಗೆ (ಬಿಳಿ) ಅಕ್ಕಿ ಸುಮಾರು 800ರಿಂದ 900 ಜನಕ್ಕೆ ಸಾಕು. ಕಷ್ಟ ಇರುವುದು ಅಳತೆಯಲ್ಲಲ್ಲ, ಮುಂದಿನ ಕೊಪ್ಪರಿಗೆಗೆ ಅಕ್ಕಿ ಯಾವಾಗ ಹಾಕುವುದು ಅನ್ನುವುದರಲ್ಲಿ. ಪ್ರತಿ ಪಂಕ್ತಿ ಏಳುವಾಗ ಎಷ್ಟು ಎಲೆ ಹೋಯಿತು, ಹೊರಗೆ ಎಷ್ಟು ಜನ ನಿಂತಿದ್ದಾರೆ ಅಂತ ಒಬ್ಬರು ಲೆಕ್ಕ ಹಿಡಿದು ಮುಕ್ಕಾಲು ಗಂಟೆ ಮೊದಲೇ ಅಡುಗೆ ಭಟ್ರಿಗೆ ಹೇಳಬೇಕು. ಹೇಳಬೇಕಾದ ಸಂಚಾಲಕರು ವೇದಿಕೆಯಲ್ಲಿ ಶಾಲು ಹೊದ್ದು ಕೂತಿದ್ದರೆ ಭಟ್ರು ಹೆದರಿಕೆಯಲ್ಲೇ ತೀರ್ಮಾನಿಸುತ್ತಾರೆ. ಒಂದೋ ಎರಡು ಕೊಪ್ಪರಿಗೆ ಅನ್ನ ತೋಟದ ಗುಂಡಿಗೆ, ಇಲ್ಲವೋ ಕೊನೆಯ ಪಂಕ್ತಿಗೆ ಬರೀ ಅನ್ನ-ಸಾರು. ಆ ಕೊನೆಯ ಪಂಕ್ತಿಯಲ್ಲಿ ಕೂರುವವರು ಯಾರು? ಬೆಳಿಗ್ಗೆಯಿಂದ ಬಡಿಸಿದವರು, ಪಾರ್ಕಿಂಗ್ ನೋಡಿದ ಹುಡುಗರು, ಎಲೆ ತೆಗೆದ ಹೆಂಗಸರು.

ಸಭೆಯ ಲೆಕ್ಕ ಇನ್ನೂ ಸುಲಭ. ವೇದಿಕೆಯಲ್ಲಿ 18 ಕುರ್ಚಿ, ತಲಾ ಐದು ನಿಮಿಷ ಅಂದರೂ ಒಂದೂವರೆ ಗಂಟೆ. ಸ್ವಾಗತ, ಹೂಗುಚ್ಛ, ಸನ್ಮಾನಪತ್ರ ವಾಚನ ಬೇರೆ. ಅತ್ತ ಚೌಕಿಯಲ್ಲಿ (ಬಣ್ಣದ ಮನೆ) ಬಣ್ಣ ಹಚ್ಚಿ ಕೂತ ಯಕ್ಷಗಾನದವರು ಕಾಯುತ್ತಾರೆ. ಕಾಲಮಿತಿ ಆಟ ಅಂದಮೇಲೆ ತಡವಾದ ಗಂಟೆಯನ್ನು ಕತ್ತರಿಸುವುದು ಪ್ರಸಂಗದಿಂದಲೇ, ಭಾಷಣದಿಂದಲ್ಲ ಮಾರಾಯ್ರೆ!

ಹಣದ ವಿಷಯದಲ್ಲಿ ಒಳ್ಳೆಯತನ ಸಾಲುವುದಿಲ್ಲ. ರಶೀದಿ ಪುಸ್ತಕಕ್ಕೆ ನಂಬರ್ ಇರಲಿ, ಸಹಿ ಹಾಕಿಸಿಯೇ ಕೊಡಿ, ಹಳೆಯದು ವಾಪಸ್ ಬಾರದೆ ಹೊಸದು ಬೇಡ. ವಸೂಲಿಗೆ ಹೋಗುವವರೇ ಕೋಶಾಧಿಕಾರಿ ಆಗಬಾರದು. ಚೆಕ್ಕಿಗೆ ಎರಡು ಸಹಿ. ತಿಂಗಳೊಳಗೆ ಲೆಕ್ಕ ಮಂಡಿಸಿ, ಶಾಮಿಯಾನ ಮತ್ತು ಲೈಟಿನವರ ಬಾಕಿಯನ್ನೂ ಅದರಲ್ಲಿ ಓದಿ. ಎಷ್ಟೋ ಕಡೆ ಮೈಕಿನಲ್ಲಿ ಘೋಷಿಸಿದ ದೇಣಿಗೆ ಕೈಗೆ ಬಂದಿರುವುದಿಲ್ಲ. ಘೋಷಿಸಿದವರನ್ನು ಕೇಳುವ ಧೈರ್ಯ ಯಾರಿಗೂ ಇಲ್ಲದೆ ಲೆಕ್ಕ ಮುಂದಿನ ವರ್ಷಕ್ಕೆ ಹೋಗುತ್ತದೆ.

ಅಧ್ಯಕ್ಷರು ವೇದಿಕೆ ಬಿಟ್ಟು ಉಗ್ರಾಣ ನೋಡಬೇಕು ಅಂದಾಗ ಒಂದು ತಪ್ಪು ತಿಳಿವಳಿಕೆ ಆಗುತ್ತದೆ. ವಿನಯ ಅಂದರೆ ಹಿಂದೆ ಸರಿದು ಕೈಕಟ್ಟಿ ನಿಲ್ಲುವುದಲ್ಲ. ರಾತ್ರಿ ಹತ್ತಾದರೆ ಧ್ವನಿವರ್ಧಕ ಬಂದ್ ಮಾಡಿಸಬೇಕು, ದೊಡ್ಡ ದಾನಿಯ ತಮ್ಮನಿಗೆ ವೇದಿಕೆಯಲ್ಲಿ ಜಾಗ ಇಲ್ಲ ಅನ್ನಬೇಕು, ಪರವಾನಗಿ ಅರ್ಜಿಗೆ ತನ್ನದೇ ಹೆಸರು ಹಾಕಿ ಜವಾಬ್ದಾರಿ ಹೊರಬೇಕು. 'ಎಲ್ಲರೂ ಹೇಳಿದ ಹಾಗೆ' ಅನ್ನುವ ಮೆದು ಅಧ್ಯಕ್ಷರು ಪ್ರಚಾರಪ್ರಿಯರಷ್ಟೇ ನಷ್ಟ ಮಾಡುತ್ತಾರೆ.

ಮಂಗಳೂರಿನಲ್ಲಿ ನಾವು ಶಾಲು, ಹಾರ ಬದಲಾಯಿಸಿಕೊಳ್ಳುವ ಪುರಭವನಕ್ಕೆ ಕುದ್ಮುಲ್ ರಂಗರಾವ್ ಅವರ ಹೆಸರು. 1897ರಲ್ಲಿ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಕಟ್ಟಿ, ದಲಿತ ಮಕ್ಕಳಿಗೆ ಶಾಲೆ ನಡೆಸಿದ್ದಕ್ಕೆ ಸ್ವಂತ ಜಾತಿಯವರಿಂದಲೇ ಬಹಿಷ್ಕಾರ ಉಂಡವರು ಅವರು. ಒಳಗೆ ನಡೆಯುವ ಸನ್ಮಾನಗಳಲ್ಲಿ ಆ ಹೆಸರಿನ ನೆನಪು ಎಷ್ಟು ಜನಕ್ಕೆ ಬರುತ್ತದೋ.

ಈ ಸಲ ಹೊಸ ಸಮಿತಿ ಮಾಡುವ ಸಭೆ ಇದ್ದರೆ ಒಂದು ಕೆಲಸ ಮಾಡಿ. ಅಭ್ಯರ್ಥಿಗಳ ಭಾಷಣ ಬಿಡಿ, ಕಳೆದ ವರ್ಷ ಉತ್ಸವದ ಮಾರನೇ ದಿನ ಕೊಪ್ಪರಿಗೆ ತೊಳೆಯಲು ಯಾರು ಬಂದಿದ್ದರು ಅಂತ ಅಡುಗೆ ಭಟ್ರನ್ನು ಕೇಳಿ. ಅವರಿಗೆ ಹೆಸರುಗಳು ಸರಿಯಾಗಿ ನೆನಪಿರುತ್ತವೆ.