ಹೆರಿಗೆ ನೋವು: ಆಪ್ ‘ಹೊರಡಿ’ ಅನ್ನುವವರೆಗೂ ಕಾಯಬೇಕಾ?

‘ನೋವು ಶುರುವಾದರೆ ಗಾಬರಿ ಬೇಡ. ಫೋನಿನಲ್ಲಿ ನೋವಿನ ಲೆಕ್ಕ ಇಡುವ ಆಪ್ ಹಾಕಿಕೊಳ್ಳಿ. ಅದು ಆಸ್ಪತ್ರೆಗೆ ಹೊರಡಿ ಅನ್ನುವವರೆಗೂ ಮನೆಯಲ್ಲೇ ಇರಿ’ ಅನ್ನೋ ಮೆಸೇಜ್ ನಿಮಗೂ ಬಂದಿರಬಹುದು. ಗಾಬರಿ ಬೇಡ ಅನ್ನುವುದು ಸರಿ. ಉಳಿದದ್ದು ಅಪಾಯ.

ಆಪ್‌ಗೆ ನೋವು ಗೊತ್ತಾಗುವುದಿಲ್ಲ. ಹೊಟ್ಟೆ ಬಿಗಿಯಾದಾಗ ನೀವು ಬಟನ್ ಒತ್ತುತ್ತೀರಿ, ಸಡಿಲವಾದಾಗ ಮತ್ತೆ ಒತ್ತುತ್ತೀರಿ. ಅದು ಲೆಕ್ಕ ಇಡುತ್ತದೆ, ಅಷ್ಟೇ. ಗೋಡೆ ಗಡಿಯಾರ, ಒಂದು ಪೆನ್ನು ಇದ್ದರೂ ಸಾಕು. ಲೆಕ್ಕದಲ್ಲಿ ಎಡವುವುದೂ ಸುಲಭ. ಅಂತರ ಅಂದರೆ ಒಂದು ನೋವು ಶುರುವಾದಾಗಿನಿಂದ ಮುಂದಿನದು ಶುರುವಾಗುವವರೆಗೆ. 10:00ಕ್ಕೆ ಬಂದದ್ದು 10:01ಕ್ಕೆ ಇಳಿದು, 10:06ಕ್ಕೆ ಮತ್ತೆ ಬಂದರೆ ಅಂತರ 6 ನಿಮಿಷ, 5 ಅಲ್ಲ.

5 ನಿಮಿಷಕ್ಕೊಂದು ನೋವು, ಒಂದೊಂದೂ 1 ನಿಮಿಷ, ಹೀಗೇ 1 ಗಂಟೆ. ಆಸ್ಪತ್ರೆಗೆ ಯಾವಾಗ ಹೊರಡಬೇಕು ಅನ್ನುವುದಕ್ಕೆ ಬಳಕೆಯಲ್ಲಿರುವ 5-1-1 ಲೆಕ್ಕ ಇದು. ಚೊಚ್ಚಲ ಹೆರಿಗೆಗೆ, ಆಸ್ಪತ್ರೆ ಹತ್ತಿರವಿದ್ದವರಿಗೆ ಒಂದು ಅಂದಾಜು. ಎರಡನೇ ಹೆರಿಗೆ ಬೇಗ ಆಗುವುದೇ ಜಾಸ್ತಿ. ಘಾಟಿ ಇಳಿದು ಆಸ್ಪತ್ರೆ ಸೇರಬೇಕಾದವರು ಗಂಟೆಗಟ್ಟಲೆ ಎಣಿಸುತ್ತಾ ಕೂತರೆ ಆಗುತ್ತಾ?

ನೀರು ಹೋದರೆ, ರಕ್ತ ಹೋದರೆ, ಮಗುವಿನ ಓಡಾಟ ಕಡಿಮೆ ಅನ್ನಿಸಿದರೆ, 37 ವಾರ ತುಂಬುವ ಮೊದಲೇ ನೋವು ಬಂದರೆ ಆಪ್ ನೋಡಲೇಬೇಡಿ. ಹಿಂದೆ ಸಿಸೇರಿಯನ್ ಆಗಿದ್ದರೂ ಅಷ್ಟೇ. ಡಾಕ್ಟರಿಗೆ ಫೋನ್ ಮಾಡಿ ಹೊರಡಿ. ಗಾಡಿ ಇಲ್ಲದಿದ್ದರೆ 108.

ಹಾಗಂತ ಆಪ್ ಅಳಿಸಿಹಾಕಬೇಕಿಲ್ಲ. ‘ಎಷ್ಟು ಹೊತ್ತಿಗೊಂದು ಬರ್ತಿದೆಯಮ್ಮ?’ ಅಂತ ನರ್ಸ್ ಕೇಳಿದಾಗ ಫೋನ್ ತೋರಿಸಬಹುದು.