ರೋಬೋ ಮಂಡಿ ಆಪರೇಷನ್ನೂ ಸಾರಾಂಶದ ಕೊನೇ ಸಾಲೂ

ನಮ್ಮ ದಾವಣಗೆರೆಯಲ್ಲಿ ಈಗ ಮಂಡಿ ನೋವು ಅಂತ ಯಾರ ಹತ್ತಿರ ಬಾಯಿಬಿಟ್ಟರೂ "ರೋಬೋದಲ್ಲೇ ಮಾಡಿಸಿಬಿಡಿ" ಅನ್ನೋ ಸಲಹೆ ಪುಕ್ಕಟೆ ಸಿಗುತ್ತದೆ. ಸಲಹೆ ಮಾತ್ರ ಪುಕ್ಕಟೆ.

ನಾನು ಫಿಸಿಯೋಥೆರಪಿಸ್ಟ್. ಚಿಪ್ಪು ಬದಲಾವಣೆ ಆದವರ ಮಂಡಿ ಮಡಚಿಸೋದು, ಮೆಟ್ಟಿಲು ಹತ್ತಿಸೋದು ನನ್ನ ಕೆಲಸ. ಯಂತ್ರದ ಮೇಲೆ ನನಗೆ ಸಿಟ್ಟೇನೂ ಇಲ್ಲ. ಈಗ ಹೆಸರಾಗಿರುವ ಮಾಕೋ ಅನ್ನೋ ರೋಬೋದಲ್ಲೂ ಗರಗಸ ನಡೆಸೋದು ಡಾಕ್ಟರೇ, ಮೊದಲೇ ಹಾಕಿಕೊಂಡ ಗೆರೆ ದಾಟದ ಹಾಗೆ ರೋಬೋ ತೋಳು ತಡೆಯುತ್ತದೆ ಅಷ್ಟೆ. ಎಲುಬು ನೇರವಾಗಿ ಕೂರುತ್ತದೆ, ನಿಜ.

ನನಗೆ ಕೋಪ ಬರೋದು ಈ ಆಪರೇಷನ್ ಬಗ್ಗೆ ವೈದ್ಯಕೀಯ ಪತ್ರಿಕೆಗಳಲ್ಲಿ ಬರುವ ವಿಮರ್ಶಾ ಲೇಖನಗಳನ್ನು ಓದಿದಾಗ. ಹತ್ತಾರು ಅಧ್ಯಯನ ಒಟ್ಟುಗೂಡಿಸಿ ಬರೆದದ್ದು ಅಂದ ಕೂಡಲೇ ಜನ ಕಣ್ಣುಮುಚ್ಚಿ ನಂಬುತ್ತಾರೆ. ಪೇಷಂಟ್‌ಗಳ ಮಕ್ಕಳು ಬೆಂಗಳೂರಿನಿಂದ ವಾಟ್ಸಾಪ್‌ನಲ್ಲಿ ಕಳಿಸುತ್ತಾರೆ, ಓದಿರೋದು ಸಾರಾಂಶ ಮಾತ್ರ. ಒಳಗಿನ ಕೋಷ್ಟಕ ತೆಗೆದು ನೋಡಿ. ಎಷ್ಟೋ ಲೇಖನಗಳಲ್ಲಿ ಎದ್ದು ಕಾಣುವ ವ್ಯತ್ಯಾಸ ಎಕ್ಸ್‌ರೇ ಕೋನದಲ್ಲಿ ಇರುತ್ತದೆ, ಅಂದರೆ ಕಾಲಿನ ನೇರ 3 ಡಿಗ್ರಿಗಿಂತ ಜಾಸ್ತಿ ತಪ್ಪಿದವರು ರೋಬೋ ಕಡೆ ಕಡಿಮೆ. ನೋವು, ನಡಿಗೆ, ಮೆಟ್ಟಿಲಿನ ಅಂಕಗಳಿಗೆ ಬಂದರೆ ವ್ಯತ್ಯಾಸವೇ ಇರುವುದಿಲ್ಲ, ಇದ್ದರೂ ರೋಗಿಗೆ ಗೊತ್ತಾಗದಷ್ಟು. ಆದರೂ ಸಾರಾಂಶದ ಕೊನೇ ಸಾಲು "ರೋಬೋದಿಂದ ಉತ್ತಮ ಫಲಿತಾಂಶ"! ಹೆಂಚು ಮಟ್ಟವಾಗಿದೆ ಅಂತ ಅಳೆದು, ದೋಸೆ ರುಚಿಯಾಗಿದೆ ಅಂತ ಬರೆದ ಹಾಗೆ.

ಈ ಚಾಳಿ ಮಂಡಿಗಷ್ಟೇ ಸೀಮಿತ ಅಲ್ಲ. 2010ರಲ್ಲಿ ಜಾಮಾ ಅನ್ನೋ ಅಮೆರಿಕದ ವೈದ್ಯಕೀಯ ಪತ್ರಿಕೆಯಲ್ಲಿ ಸಂಶೋಧಕಿ ಇಸಾಬೆಲ್ ಬುತ್ರೋನ್ ಮತ್ತು ಸಂಗಡಿಗರು, ಮುಖ್ಯ ಉದ್ದೇಶದಲ್ಲೇ ಲಾಭ ಕಾಣದ 72 ಪ್ರಯೋಗಗಳ ವರದಿ ಪರೀಕ್ಷಿಸಿದ್ದರು. 42ರ ಸಾರಾಂಶದ ತೀರ್ಮಾನದಲ್ಲಿ ಹೀಗೇ ಬಣ್ಣ ಬಳಿದಿತ್ತು.

ಇನ್ನೊಂದು ಕಡೆ, ಕೊರಿಯಾದಲ್ಲಿ 1,300ಕ್ಕೂ ಹೆಚ್ಚು ರೋಗಿಗಳನ್ನು ಸರಾಸರಿ 13 ವರ್ಷ ಹಿಂಬಾಲಿಸಿದ ಪ್ರಯೋಗ 2020ರಲ್ಲಿ ಪ್ರಕಟವಾಯಿತು. ಅಂಕದಲ್ಲೂ, ಕೀಲಿನ ಬಾಳಿಕೆಯಲ್ಲೂ ರೋಬೋ ಮುಂದಿರಲಿಲ್ಲ. ಅದು ಹಳೇ ಕಾಲದ ರೋಬೋ ಅಂತೀರಾ? ಒಪ್ಪುತ್ತೇನೆ. ಆದರೆ ಪೂರ್ತಿ ಮಂಡಿ ಬದಲಾವಣೆಗೆ ಮಾಕೋಗೆ ಅಮೆರಿಕದಲ್ಲಿ ಅನುಮತಿ ಸಿಕ್ಕಿದ್ದೇ 2015ರಲ್ಲಿ. ಅದರ ಇಪ್ಪತ್ತು ವರ್ಷದ ಬಾಳಿಕೆ ಬಗ್ಗೆ ಈಗಲೇ ಭರವಸೆ ಕೊಡೋರು ಯಾವ ಲೆಕ್ಕ ನೋಡಿ ಕೊಡುತ್ತಿದ್ದಾರೋ!

ಈಗ ದುಡ್ಡಿನ ವಿಷಯ. 2017ರ ಆಗಸ್ಟ್‌ನಲ್ಲಿ ಕೇಂದ್ರ ಸರ್ಕಾರ ಮಂಡಿ ಇಂಪ್ಲಾಂಟ್‌ಗೆ, ಅಂದರೆ ಒಳಗೆ ಕೂರಿಸುವ ಕೃತಕ ಕೀಲಿಗೆ, ಬೆಲೆ ಮಿತಿ ಹಾಕಿತು, ಸಾಮಾನ್ಯವಾಗಿ ಬಳಸುವ ಕೋಬಾಲ್ಟ್ ಕ್ರೋಮಿಯಂ ಲೋಹದ್ದಕ್ಕೆ ಆಗ 54,720 ರೂಪಾಯಿ, ಜಿಎಸ್‌ಟಿ ಬೇರೆ. ಆ ಮಿತಿ ಇಂಪ್ಲಾಂಟ್‌ಗೆ ಮಾತ್ರ, ರೋಬೋ ಬಳಕೆಗೆ ಅಲ್ಲ. ಅಡಿಕೆ ಮಾರಿದ ದುಡ್ಡು ಹಿಡಿದು ಚನ್ನಗಿರಿ ಕಡೆಯಿಂದ ಬರುವವರು ಎಸ್ಟಿಮೇಟ್ ತೋರಿಸುತ್ತಾರೆ, ಅದರಲ್ಲಿ ರೋಬೋಗೆ ಅಂತಲೇ ಬೇರೆ ಸಾಲು.

ನೀವು ಇಷ್ಟು ಮಾಡಿ. ಲೇಖನ ತೋರಿಸಿದರೆ ಕೊನೇ ಪುಟದಲ್ಲಿ ಹಣ ಯಾರು ಕೊಟ್ಟರು, ಬರೆದವರು ಯಾವ ಕಂಪನಿಗೆ ಸಲಹೆಗಾರರು ಅನ್ನೋದನ್ನ ಮೊದಲು ಓದಿ. ಡಾಕ್ಟರನ್ನು "ಸರ್, ನೀವು ವರ್ಷಕ್ಕೆ ಎಷ್ಟು ಮಂಡಿ ಮಾಡ್ತೀರಿ?" ಅಂತ ಕೇಳಿ. ಸಂಕೋಚ ಬೇಡ, ಒಳ್ಳೇ ಡಾಕ್ಟರ್ ಖುಷಿಯಿಂದಲೇ ಹೇಳುತ್ತಾರೆ. ರೋಬೋ ಸಾಲಿನ ದುಡ್ಡು ಉಳಿದರೆ ಆಮೇಲಿನ ವ್ಯಾಯಾಮಕ್ಕೆ ಇಟ್ಟುಕೊಳ್ಳಿ. ಫಿಸಿಯೋ ಇನ್ನೇನು ಹೇಳ್ತಾನೆ ಅಂತ ನಗ್ತೀರಾ? ನಗಿ, ಆದರೆ ಎಸ್ಟಿಮೇಟ್ ಪೂರ್ತಿ ಓದದೆ ಸಹಿ ಹಾಕಬೇಡಿ.