ಹಣ ಕಟ್ಟುತ್ತೇವೆ ಎಂದರೂ ಪಡೆಯುವವರಿಲ್ಲ

ವಿಶ್ವವಿದ್ಯಾಲಯದ ಆವರಣದಲ್ಲಿ ಒಂದು ಹಳೆಯ ಚಲನಚಿತ್ರವನ್ನು ಕಾನೂನುಬದ್ಧವಾಗಿ ತೋರಿಸುವುದು ಇಷ್ಟು ದುಸ್ತರವಾಗಬೇಕೇ? ನಮ್ಮ ವಿದ್ಯಾರ್ಥಿ ಚಿತ್ರಸಮಾಜ ಯಾರಿಂದಲೂ ಏನನ್ನೂ ಪುಕ್ಕಟೆ ಕೇಳುತ್ತಿಲ್ಲ. ಪ್ರದರ್ಶನದ ದಿನಾಂಕ, ಸಭಾಂಗಣದ ಆಸನಗಳ ಸಂಖ್ಯೆ, ಪ್ರವೇಶ ಉಚಿತವೆಂಬ ವಿವರ ಎಲ್ಲವನ್ನೂ ಬರೆದುಕೊಟ್ಟು, ನ್ಯಾಯವಾದ ಶುಲ್ಕವನ್ನು ಮುಂಗಡವಾಗಿಯೇ ಕಟ್ಟುತ್ತೇವೆ ಎಂದರೂ, ಆ ಹಣವನ್ನು ಯಾರಿಗೆ ಕಟ್ಟಬೇಕೆಂದು ಹೇಳುವವರೇ ಇಲ್ಲ.

ವಿತರಕರಿಗೆ ಬರೆದರೆ, ತಮ್ಮಲ್ಲಿದ್ದದ್ದು ಚಿತ್ರಮಂದಿರದ ಹಕ್ಕು ಮಾತ್ರ, ಅದರ ಅವಧಿಯೂ ಮುಗಿದಿದೆ, ನಿರ್ಮಾಪಕರನ್ನೇ ಕೇಳಿ ಎನ್ನುತ್ತಾರೆ. ನಿರ್ಮಾಣ ಸಂಸ್ಥೆ ಎಂದೋ ಬಾಗಿಲು ಹಾಕಿದೆ. ಅದರ ಹಕ್ಕುಗಳನ್ನು ಕೊಂಡವರು ಪತ್ರಕ್ಕೆ ಉತ್ತರಿಸುವ ಸೌಜನ್ಯವನ್ನೂ ತೋರಿಲ್ಲ. ಹಕ್ಕುಸ್ವಾಮ್ಯದ ಅಂತರರಾಷ್ಟ್ರೀಯ ಒಡಂಬಡಿಕೆಯಾದ ಬರ್ನ್ ಒಪ್ಪಂದದ ಪ್ರಕಾರ ಹಕ್ಕುಸ್ವಾಮ್ಯಕ್ಕೆ ನೋಂದಣಿಯೇ ಕಡ್ಡಾಯವಲ್ಲ, ಹಾಗಾಗಿ ಹಕ್ಕು ಈಗ ಯಾರ ಕೈಯಲ್ಲಿದೆ ಎಂದು ನೋಡಲು ನಂಬಬಹುದಾದ ಒಂದು ಪಟ್ಟಿಯೂ ಸಿಗುವುದಿಲ್ಲ. ಚಿತ್ರ ಒಟಿಟಿಯಲ್ಲಿದೆ, ಆದರೆ ಚಂದಾದಾರಿಕೆ ವೈಯಕ್ತಿಕ ವೀಕ್ಷಣೆಗಷ್ಟೇ ಸೀಮಿತ. ಡಿವಿಡಿ ಕೊಂಡರೂ ಸಾರ್ವಜನಿಕವಾಗಿ ತೋರಿಸುವ ಹಕ್ಕು ಅದರ ಜೊತೆಗೆ ಬರುವುದಿಲ್ಲ. ಟಿಕೆಟ್ ಇಲ್ಲದಿದ್ದರೆ ಅನುಮತಿ ಬೇಡ ಎಂಬ ತಪ್ಪು ನಂಬಿಕೆಯನ್ನು ಹೊಸ ಸದಸ್ಯರ ತಲೆಯಿಂದ ತೆಗೆದುಹಾಕುವವರೇ ನಾವು. ಅಂಥವರನ್ನು ಹೀಗೆ ಅಲೆದಾಡಿಸುವುದು ಯಾವ ನ್ಯಾಯ?

ಇದಕ್ಕಿಂತ ಹೆಚ್ಚು ಸಿಟ್ಟು ಬರುವುದು ನಮ್ಮದೇ ಆಡಳಿತ ಕಚೇರಿಯ ಮೇಲೆ. ತರಗತಿಯಲ್ಲಿ ಪಾಠದ ಭಾಗವಾಗಿ ತೋರಿಸುವುದಕ್ಕೂ ಸಂಜೆ ಸಭಾಂಗಣದಲ್ಲಿ ಬಂದವರಿಗೆಲ್ಲ ತೋರಿಸುವುದಕ್ಕೂ ಕಾನೂನೇ ವ್ಯತ್ಯಾಸ ಮಾಡಿದೆ. ಲಾಭದ ಉದ್ದೇಶವಿಲ್ಲದ ಶಿಕ್ಷಣ ಸಂಸ್ಥೆಯ ತರಗತಿಯಲ್ಲಿ, ಕಾನೂನುಬದ್ಧ ಪ್ರತಿಯಿಂದ, ಮುಖಾಮುಖಿ ಪಾಠಕ್ಕಾಗಿ ಚಿತ್ರ ತೋರಿಸಲು ಅಮೆರಿಕದ 1976ರ ಹಕ್ಕುಸ್ವಾಮ್ಯ ಕಾಯ್ದೆ ಅವಕಾಶ ಕೊಡುತ್ತದೆ. ಬ್ರಿಟನ್ನಿನ 1988ರ ಕಾಯ್ದೆಯೂ ಬೋಧನೆಗೆ ವಿನಾಯಿತಿ ಕೊಟ್ಟಿದೆ, ಆದರೆ ಪೋಷಕರೆಂಬ ಒಂದೇ ಕಾರಣಕ್ಕೆ ಯಾರನ್ನೂ ಆ ಪ್ರೇಕ್ಷಕರೊಳಗೆ ಸೇರಿಸುವುದಿಲ್ಲ. ಭಾರತದ 1957ರ ಕಾಯ್ದೆಯ 52ನೇ ಸೆಕ್ಷನ್ ಇನ್ನೂ ಉದಾರವಾದದ್ದು: ಸಂಸ್ಥೆಯ ಚಟುವಟಿಕೆಯ ಅಂಗವಾಗಿ ನಡೆಯುವ ಪ್ರದರ್ಶನಕ್ಕೆ ಸಿಬ್ಬಂದಿ, ವಿದ್ಯಾರ್ಥಿಗಳು, ಅವರ ಪೋಷಕರು ಮತ್ತು ಆ ಚಟುವಟಿಕೆಗಳಿಗೆ ಸಂಬಂಧಪಟ್ಟವರು ಮಾತ್ರ ಬಂದರೆ ಅದು ಉಲ್ಲಂಘನೆಯಾಗುವುದಿಲ್ಲ.

ಕಚೇರಿಗೆ ಈ ಯಾವ ಭೇದವೂ ಬೇಕಿಲ್ಲ. ಸಿನಿಮಾ ಅಧ್ಯಯನದ ಅಧ್ಯಾಪಕರ ತರಗತಿಗೂ ನಮ್ಮ ಪ್ರದರ್ಶನಕ್ಕೂ ಒಂದೇ ನಮೂನೆ, ಒಂದೇ ಸಾಲು: ‘ಹಕ್ಕುದಾರರ ಲಿಖಿತ ಅನುಮತಿಯನ್ನು ಲಗತ್ತಿಸತಕ್ಕದ್ದು.’ ಹಕ್ಕುದಾರರು ಯಾರೆಂದು ಹುಡುಕಲು ನೆರವು ಕೇಳಿದರೆ, ಅದು ಅರ್ಜಿದಾರರ ಹೊಣೆ ಎಂದು ಕೆಂಪು ಶಾಯಿಯಲ್ಲಿ ಷರಾ ಬರೆದು ಕಡತವನ್ನು ಹಿಂದಿರುಗಿಸುತ್ತಾರೆ. ಒಂದು ಕಾನೂನು ವಿಭಾಗ, ಸಂಬಳ ಪಡೆಯುವ ಕಾನೂನು ಸಲಹೆಗಾರರು, ದೊಡ್ಡ ಗ್ರಂಥಾಲಯ ಎಲ್ಲವೂ ಇರುವ ಸಂಸ್ಥೆ, ಯಾವ ಪ್ರದರ್ಶನಕ್ಕೆ ಅನುಮತಿ ಬೇಕು, ಯಾವುದಕ್ಕೆ ಬೇಡ ಎಂದು ತಿಳಿಸುವ ಒಂದು ಪುಟದ ಸುತ್ತೋಲೆಯನ್ನೂ ಈವರೆಗೆ ಹೊರಡಿಸಿಲ್ಲ.

ಪರಿಣಾಮವಾಗಿ ಪ್ರದರ್ಶನ ರದ್ದಾಗಿದೆ. ಅದೇ ಚಿತ್ರದ ಕಳ್ಳಪ್ರತಿ ವಿದ್ಯಾರ್ಥಿನಿಲಯದ ಕೋಣೆಕೋಣೆಗಳಲ್ಲಿ ಪೆನ್‌ಡ್ರೈವ್‌ನಿಂದ ಪೆನ್‌ಡ್ರೈವ್‌ಗೆ ದಾಟುತ್ತಿದೆ. ಚಿತ್ರ ಮಾಡಿದವರಿಗೆ ಬಿಡಿಗಾಸೂ ತಲುಪುತ್ತಿಲ್ಲ, ನಾವು ಕೊಡಬೇಕೆಂದು ಎತ್ತಿಟ್ಟ ಶುಲ್ಕ ಚಿತ್ರಸಮಾಜದ ಖಾತೆಯಲ್ಲೇ ಉಳಿದಿದೆ.